ಮುಖ ನೋಡದ ಗಂಡ ಹೆಂಡತಿ

2008ರ ಹೊತ್ತಿಗೆ ನಾನು ಜಮಖಂಡಿಯಲ್ಲಿ ವಕೀಲಿಕೆ ಶುರುಮಾಡಿ ಇಪ್ಪತ್ತು ವರ್ಷ ದಾಟಿತ್ತು. ಕಕ್ಷಿದಾರರು ಬಾಯಿ ತೆರೆಯುವ ಮೊದಲೇ ಅವರ ಕೇಸು ನನಗೆ ತಿಳಿಯುತ್ತದೆ ಎಂಬ ಅಹಂಕಾರ ತಲೆಗೇರಿತ್ತು. ಅದನ್ನು ಇಳಿಸಿದಾಕೆ ಬನಹಟ್ಟಿಯ ನೇಕಾರರ ಮನೆಯ ನೀಲವ್ವ.

ಆಕೆಯ ಗಂಡ ಮಲ್ಲಪ್ಪ ಮತ್ತು ಆಕೆಯ ಅಣ್ಣ ನನ್ನ ಎದುರು ಕೂತು ಮಾತಾಡಿದರು. ನೀಲವ್ವ ಸುಮ್ಮನೆ ಕೇಳುತ್ತಿದ್ದಳು. ಜಗಳದ ಮೂಲ ಒಂದು ಕೈಮಗ್ಗ. ಮದುವೆಯಲ್ಲಿ ತವರಿನವರು ಆಕೆಗೆ ಕೊಟ್ಟಿದ್ದ ಆ ಮಗ್ಗ ಮಾರಿ ಪವರ್‌ಲೂಮ್ ಹಾಕಬೇಕೆಂದು ಗಂಡನ ಹಟ. ಕೊಡುವುದಿಲ್ಲವೆಂದು ಹೆಂಡತಿಯ ಹಟ. ಇಬ್ಬರ ನಡುವೆ ಮಾತು ನಿಂತು ಒಂದೂವರೆ ವರ್ಷವಾಗಿತ್ತು.

"ಮಾತ ಇಲ್ಲಂದ ಮ್ಯಾಲೆ ಸಂಸಾರ ಯಾಕ್ರಿ? ಬಿಡಿಸಿಬಿಡ್ರಿ" ಎಂದ ಮಲ್ಲಪ್ಪ.

"ನಮ್ಮ ತಂಗಿದೂ ಒಪ್ಪಿಗಿ ಐತ್ರಿ" ಎಂದ ಅಣ್ಣ. ಈ ಮೂಕ ಸಂಸಾರದ ಪಂಚಾಯ್ತಿ ಮಾಡಿ ಮಾಡಿ ಅವನಿಗೂ ಸಾಕಾಗಿತ್ತು.

ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನ ಪ್ರಕಾರ ದಂಪತಿ ಪರಸ್ಪರ ಒಪ್ಪಿ ವಿಚ್ಛೇದನ ಕೇಳಬಹುದು. ಅದಕ್ಕೆ ಮುಂಚೆ ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ನಾನು ಹಳೆಯ ಅರ್ಜಿಯೊಂದನ್ನು ಟೈಪಿಸ್ಟನಿಗೆ ಕೊಟ್ಟು ಹೆಸರು ಬದಲಿಸು ಎಂದೆ. "ಒಂದು ವರ್ಷದಿಂದ ಪರಸ್ಪರ ಮುಖ ಸಹ ನೋಡಿರುವುದಿಲ್ಲ", "ತವರಿನ ಯಾವ ವಸ್ತುವಿನ ಮೇಲೂ ಹೆಂಡತಿಗೆ ಹಕ್ಕು ಉಳಿದಿರುವುದಿಲ್ಲ" ಎಂಬ ಸಾಲುಗಳೂ ಹಾಗೇ ಇಳಿದುಬಂದವು. ಇಬ್ಬರೂ ಸಹಿ ಹಾಕಿದರು.

ಆರು ತಿಂಗಳಾದ ಮೇಲೆ ನ್ಯಾಯಾಧೀಶರು ನೀಲವ್ವನನ್ನು ವಿಚಾರಣೆಗೆ ಕರೆದರು.

"ಗಂಡನ ಮುಖ ನೋಡಿ ಎಷ್ಟು ದಿನ ಆಯಿತಮ್ಮ?"

"ಮುಂಜಾನಿನ ನೋಡೀನ್ರಿ ಸಾಹೇಬ್ರ. ಒಂದ ಗಾಡಿ ಮ್ಯಾಲೆ ಬಂದೇವ್ರಿ."

ನಾನು ಅವಸರದಲ್ಲಿ ಅರ್ಜಿಯ ಪುಟ ತಿರುವಿದೆ.

"ಮನೆಯಲ್ಲಿ ಅಡುಗೆ ಯಾರದು?"

"ನನ್ನದ ರೀ."

"ಉಣ್ಣತೇನ್ರಿ ಸಾಹೇಬ್ರ, ಆದ್ರ ಮಾತಾಡೂದಿಲ್ರಿ!" ಎಂದು ಮಲ್ಲಪ್ಪ ನಿಂತಲ್ಲಿಂದಲೇ ಕೂಗಿದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇವನು ಎರಡು ವರ್ಷ ಉಂಡು ಮಲಗಿದರೂ ಜಗಳ ಹಾಗೇ ಇತ್ತು.

"ಮಾತಿಲ್ಲದೆ ನೇಯುವುದು ಹೇಗೆ?" ನ್ಯಾಯಾಧೀಶರಿಗೂ ಕುತೂಹಲ.

"ಕಂಡಿಕಿ ತೀರಿದ ಕೂಡ್ಲೆ ಖಾಲಿದ್ದು ನನ್ನ ಕಡೆ ಒಗಿತಾರ್ರಿ. ಮುಂದ ಯಾವ ಬಣ್ಣ ಬೇಕಂತ ನನಗ ಗೊತ್ತಿರತೈತಿ. ನೂಲು ಸುತ್ತಿ ಕೊಡ್ತೇನ್ರಿ."

ಕಂಡಿಕೆಯೆಂದರೆ ಲಾಳಿಯೊಳಗೆ ಕೂರಿಸುವ ನೂಲಿನ ಸುರುಳಿ. ಒಂದೇ ಸೂರಿನಡಿ ಇದ್ದರೂ ದಂಪತಿಯಾಗಿ ಬಾಳದಿದ್ದರೆ ಅದೂ ಬೇರೆ ವಾಸವೇ ಎಂದು ನಾನೆದ್ದು ವಾದಿಸಿದೆ.

"ಕಾನೂನು ಸರಿಯಾಗಿದೆ ವಕೀಲರೇ. ಆದರೆ ಮುಖ ನೋಡದೆ ಕಂಡಿಕೆ ಕೊಟ್ಟ ಬಗೆ ನಿಮ್ಮ ಅರ್ಜಿಯ ಯಾವ ಪುಟದಲ್ಲಿದೆ?" ಎಂದರು ನ್ಯಾಯಾಧೀಶರು. ಇಡೀ ಕೋರ್ಟು ನಕ್ಕಿತು.

ನಗು ನಿಂತ ಮೇಲೆ ಅವರು ಮೆತ್ತಗೆ ಕೇಳಿದರು: "ನಿನಗೆ ವಿಚ್ಛೇದನ ಬೇಕೇನಮ್ಮ?"

"ಬ್ಯಾಡ್ರಿ. ಮಗ್ಗ ಕೊಡೂದಿಲ್ಲ, ಮನೀನೂ ಬಿಡೂದಿಲ್ರಿ."

"ಮತ್ತೆ ಸಹಿ ಯಾಕೆ ಹಾಕಿದೆ?"

"ಇಲ್ಲಿ ಸಹಿ ಮಾಡವ್ವ ಅಂದ್ರು ವಕೀಲ್ರು. ಮಾಡಿದೆ. ಬೇಕೋ ಬ್ಯಾಡೋ ಅಂತ ಯಾರೂ ಕೇಳಲಿಲ್ರಿ."

ಡಿಕ್ರಿ ಆಗುವ ತನಕ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವ ಹಕ್ಕು ಇಬ್ಬರಿಗೂ ಇದೆ. ಅರ್ಜಿ ವಜಾ ಆಯಿತು. ತವರಿನಿಂದ ಬಂದ ಮಗ್ಗ ಸ್ತ್ರೀಧನ, ಅದನ್ನು ಮಾರಲು ನಿನಗೆ ಹಕ್ಕಿಲ್ಲ; 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಮನಸ್ಸಿಗೆ ಬಂದಂತೆ ಹೆಂಡತಿಯನ್ನು ಮನೆಯಿಂದ ಹೊರಹಾಕುವಂತೆಯೂ ಇಲ್ಲ ಎಂದು ನ್ಯಾಯಾಧೀಶರು ಮಲ್ಲಪ್ಪನಿಗೆ ತಿಳಿಹೇಳಿದರು.

ಹೊರಗೆ ಬಂದ ಮಲ್ಲಪ್ಪ ನನ್ನ ಮೇಲೇ ಹರಿಹಾಯ್ದ: "ಮುಖಾನ ನೋಡಿಲ್ಲಂತ ಯಾಕ ಬರದ್ರಿ? ನಾಳೆ ಓಣ್ಯಾಗ ಹೆಂಗ ತಲಿ ಎತ್ತಲಿ?"

ನನಗೆ ನಿಜಕ್ಕೂ ನಾಚಿಕೆಯಾಗಿತ್ತು. ಒಂದು ಹೆಣ್ಣಿನ ಮನೆ, ಮಗ್ಗ ಎರಡನ್ನೂ ನನ್ನ ಕೈಯಾರೆ ಟೈಪು ಮಾಡಿಸಿ ಕಳೆಯಲಿದ್ದೆ. ಅಂದಿನಿಂದ ಹೆಂಡತಿಯನ್ನು ಒಬ್ಬಳನ್ನೇ ಕೂರಿಸಿ ಕೇಳದೆ ಇಂಥ ಒಂದು ಅರ್ಜಿಯನ್ನೂ ನಾನು ಬರೆಸಿಲ್ಲ. ಇಪ್ಪತ್ತು ವರ್ಷದ ವಕೀಲಿಕೆ ಕಲಿಸದ ಪಾಠವಿದು.

"ತಪ್ಪಾತವ್ವ, ಮೊದಲ ದಿನಾನ ನಿನ್ನ ಕೇಳಬೇಕಿತ್ತು" ಎಂದು ಅವತ್ತೇ ನೀಲವ್ವನಿಗೆ ಕೈಮುಗಿದೆ.

ಆಕೆ ಸೆರಗು ಸರಿಮಾಡಿಕೊಂಡು ಹೇಳಿದಳು: "ಇರಲಿ ಬಿಡ್ರಿ ವಕೀಲ್ರ. ಇವರು ಒಂದ ಮನ್ಯಾಗ ಇದ್ದು ಕೇಳಲಿಲ್ಲ. ನೀವರ ಪರ ಊರಾವ್ರು."