ಕಟ್ಟೆಯ ಎತ್ತರದ ಕಮೋಡು

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಎಚ್ಚರಾಗುವುದು ಅತ್ತೆಗೆ. ಆದರೆ ಮೊದಲು ಓಡಾಡುವವಳು ನಾನು. ಅವರು ಹಾಸಿಗೆಯ ಮೇಲೆ ಕೂತು ಎರಡೂ ಮೊಣಕಾಲುಗಳನ್ನು ಅಂಗೈಯಿಂದ ತಿಕ್ಕಿಕೊಳ್ಳುತ್ತಿರುತ್ತಾರೆ. ನಾನು ಬಾಗಿಲು ತೆರೆದು, ಅಂಗಳಕ್ಕೆ ನೀರು ಚಿಮುಕಿಸಿ, ನಾಲ್ಕೆಳೆ ರಂಗೋಲಿ ಹಾಕಿ ಒಳಗೆ ಬರುವಷ್ಟರಲ್ಲಿ ಮುಖ ತೊಳೆದು ವಿಭೂತಿ ಹಚ್ಚಿಕೊಂಡು ಅಡುಗೆಮನೆಯ ಹೊಸ್ತಿಲ ಹತ್ತಿರ ಕುರ್ಚಿಯಲ್ಲಿ ಕಾಯುತ್ತಿರುತ್ತಾರೆ. ಆಮೇಲೆ ಚಹಾ. ಅತ್ತೆ ಕಪ್ಪಿನಿಂದ ಕುಡಿಯುವವರಲ್ಲ. ಬಶಿಗೆ ಸುರಿದುಕೊಂಡು, ಊದಿ, ಸುರ್ರೆಂದು ಸದ್ದು ಮಾಡಿ ಕುಡಿಯಬೇಕು. ಕಾನ್ವೆಂಟಿನಲ್ಲಿ ಬಾಯಿ ಮುಚ್ಚಿ ತಿನ್ನುವುದನ್ನು ಕಲಿತು ಬಂದ ನನಗೆ ಮದುವೆಯಾದ ಹೊಸತರಲ್ಲಿ ಆ ಸದ್ದು ಮುಜುಗರ ತರುತ್ತಿತ್ತು. ಈಗ ಅದು ಕೇಳದಿದ್ದರೆ ನನಗೆ ಬೆಳಗಾದಂತೆಯೇ ಅನಿಸುವುದಿಲ್ಲ.

ಆ ಭಾನುವಾರ ಸದ್ದು ಅರ್ಧಕ್ಕೇ ನಿಂತಿತು. ಬಶಿಯಲ್ಲಿ ಚಹಾ ಹಾಗೇ ಇತ್ತು.

"ಯಾಕ್ರಿ ಅತ್ತಿ, ಸಕ್ಕರಿ ಕಮ್ಮಿ ಆತೇನು?"

"ಸಾಕಾತು ಬೇ. ಎಷ್ಟಂತ ಕುಡೀಲಿ."

ಆಗ ಒಂದೊಂದೇ ನೆನಪಾಗತೊಡಗಿತು. ರಾತ್ರಿ ಅವರ ತಲೆದೆಸೆಗೆ ಇಟ್ಟ ತಂಬಿಗೆ ಈಚೆಗೆ ಬೆಳಿಗ್ಗೆಯೂ ತುಂಬಿಯೇ ಇರುತ್ತಿತ್ತು. ಮಧ್ಯಾಹ್ನದ ಮಜ್ಜಿಗೆಯನ್ನು ಬೇಡವೆನ್ನುತ್ತಿದ್ದರು. ಇನ್ನೊಂದು, ಹಿತ್ತಲ ಸಂಡಾಸಿನಿಂದ ಊದಿನಕಡ್ಡಿಯ ವಾಸನೆ ಬರುತ್ತಿತ್ತು. ವಯಸ್ಸಾದಂತೆ ಮನುಷ್ಯರಿಗೆ ಹೊಸ ಹೊಸ ಮಡಿ ಹುಟ್ಟುತ್ತದೆ, ಇರಲಿ ಬಿಡು ಎಂದು ನಾನು ಸುಮ್ಮನಿದ್ದೆ.

ರೊಟ್ಟಿ ಬಡಿದು ಮುಗಿಸಿ, ಪೊರಕೆ ಬಕೆಟ್ಟು ಹಿಡಿದು ಸಂಡಾಸು ತೊಳೆಯಲು ಹೋದೆ. ಕಮೋಡಿನ ಬುಡದಲ್ಲಿ ಗೋಡೆಯ ಕಡೆಗೆ ಏನೋ ಬಟ್ಟೆ. ಎಳೆದೆ. ನಾಲ್ಕು ಮಡಿಕೆ ಮಾಡಿ ಒತ್ತಿ ತುರುಕಿದ್ದ ಸೀರೆಯ ತುಂಡು. ಮಾಸಿದ್ದರೂ ಅದರ ಕೆಂಪು ದಡಿಯ ಗುರುತು ಹತ್ತಿತು. ಅತ್ತೆಯ ಹಳೆಯ ಇಳಕಲ್ ಸೀರೆ. ಏಳುವಾಗ ಕಮೋಡಿನ ಮೇಲೆ ಕೈಯೂರಿದೆ, ಅದು ಕಡಕ್ ಎಂದು ಒಂದು ಕಡೆ ವಾಲಿ ಮತ್ತೆ ತನ್ನ ಜಾಗಕ್ಕೆ ಬಂತು. ಬುಡದಿಂದ ಒಂದು ಗೆರೆ ನೀರು ಹರಿದು ನನ್ನ ಕಾಲ್ಬೆರಳಿಗೆ ತಾಗಿತು. ಊದಿನಕಡ್ಡಿ ಯಾಕೆಂದು ಆಗ ತಿಳಿಯಿತು.

ಈ ಕಮೋಡು ಬಂದದ್ದು ಅತ್ತೆಯ ಮೊಣಕಾಲು ಪೂರಾ ಸೋತ ವರ್ಷ. ಅದಕ್ಕೂ ಮೊದಲು ಪ್ರತಿ ಸಲ ನಾನು ಒಳಗೆ ಹೋಗಿ ಅವರ ಕಂಕುಳಲ್ಲಿ ಕೈ ಕೊಟ್ಟು ಎಬ್ಬಿಸಬೇಕಾಗುತ್ತಿತ್ತು. ಆಗೆಲ್ಲ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ನಾನೂ ಗೋಡೆ ನೋಡುತ್ತಿದ್ದೆ. ನಮ್ಮ ಶಾಲೆಯಲ್ಲಿ ಈ ವಿಷಯಕ್ಕೆ ಕಿರುಬೆರಳು ಎತ್ತಿ ತೋರಿಸುವುದಷ್ಟೇ ರೂಢಿ. ಈ ಊರಿನಲ್ಲಿ 'ಬಯಲಕಡೆ' ಎಂಬ ಒಂದು ಮಾತು. ಅದಕ್ಕಿಂತ ಹೆಚ್ಚು ಮಾತಾಡಲು ನಮ್ಮಿಬ್ಬರಿಗೂ ಬರುತ್ತಿರಲಿಲ್ಲ.

ಅಂಗಡಿಯ ಕಮೋಡಿನ ಎತ್ತರ ಅವರಿಗೆ ಸಾಲದು. ಅವರು ಯಾರ ಹಂಗಿಲ್ಲದೆ ಕೂತು ಏಳುತ್ತಿದ್ದುದು ಒಂದೇ ಕಡೆ, ಮನೆ ಮುಂದಿನ ಕಲ್ಲುಕಟ್ಟೆಯ ಮೇಲೆ. ಹಾಗಾಗಿ ನಮ್ಮ ಮನೆಯವರು ಒಂದು ಜೋಳದ ದಂಟನ್ನು ಕಟ್ಟೆಯ ಎತ್ತರಕ್ಕೆ ಸರಿಯಾಗಿ ಮುರಿದು ಪ್ಲಂಬರ್ ಕಾಕಾರ ಕೈಗೆ ಕೊಟ್ಟಿದ್ದರು. ಆ ಅಳತೆ ಬರುವಂತೆ ಕೆಳಗೊಂದು ಚಿಕ್ಕ ಕಟ್ಟೆ ಕಟ್ಟಿ ಅದರ ಮೇಲೆ ಕಮೋಡು ಕೂಡಿಸಿದ್ದಾಯಿತು. ಮೊದಲ ದಿನ ಅತ್ತೆ ತಾವಾಗಿಯೇ ಹೊರಗೆ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಆತು" ಅಂದರು. ಅಷ್ಟೇ. ಆ 'ಆತು' ನನಗೆ ಇನ್ನೂ ಕೇಳಿಸುತ್ತದೆ.

ಅದನ್ನು ನೋಡಲು ಓಣಿಯ ಹೆಂಗಸರೆಲ್ಲ ಬಂದಿದ್ದರು. ಎದುರು ಮನೆಯ ದೊಡ್ಡವ್ವ, ಅಂದರೆ ಅತ್ತೆ ಸೊಸೆಯಾಗಿ ಬಂದ ವರ್ಷವೇ ಈ ಊರಿಗೆ ಬಂದು ಅಂದಿನಿಂದಲೂ ಅವರ ಕಾಲೆಳೆಯುತ್ತಿರುವ ಗೆಳತಿ, ಸೊಂಟದ ಮೇಲೆ ಕೈಯಿಟ್ಟು ನಿಂತು ನಕ್ಕಿದ್ದರು.

"ಏನ ಬೇ, ಸಿಂಹಾಸನ ತರಿಸೀಯಲ್ಲ! ಏರಾಕ ಮೆಟ್ಟಲಾ ಬ್ಯಾರೆ ಕಟ್ಟಸ್ತೀಯೇನು?"

"ನಿನ್ನ ಮೊಣಕಾಲು ಹೋಗಲಿ, ಆವಾಗ ನೋಡ್ತೇನಿ ನಿನ್ನ ಮಾತು."

"ನನ್ನವು ಎತ್ತಿನ ಕಾಲು, ಹೋಗೂದಿಲ್ಲ."

ಆ ಸೀರೆಯ ತುಂಡನ್ನು ಹಿಂಡಿ ಅತ್ತೆಯ ಮುಂದೆ ಹಿಡಿದೆ. ಅವರು ಮೊದಲು ಮಗ ಎಲ್ಲಿದ್ದಾನೆಂದು ಬಾಗಿಲ ಕಡೆ ನೋಡಿದರು.

"ಅವಗ ಹೇಳಬ್ಯಾಡ. ಹೇಳಿದ್ರ ಅದನ್ನ ಕಿತ್ತಿಸಿ ನೆಲಕ್ಕ ಕೂಡಸ್ತಾನ. ಮತ್ತ ನೀ ನನ್ನ ಎತ್ತಬೇಕಾಗ್ತೈತಿ."

"ಎತ್ತಿದ್ರ ಏನಾಗ್ತೈತ್ರಿ?"

"ನಿನಗೇನೂ ಆಗೂದಿಲ್ಲವ್ವಾ. ನನಗ ಆಗತೈತಿ."

ಅದಕ್ಕೇ ನೀರು ಬಿಟ್ಟಿದ್ದರು. ಕುಡಿದರೆ ತಾನೆ ಆ ಅಲುಗಾಡುವ ಕಮೋಡಿನ ಮೇಲೆ ಕೂಡಬೇಕಾಗುವುದು.

ನಾನು ಹೇಳಿಬಿಟ್ಟೆ. ನಮ್ಮ ಮನೆಯವರು ಊಟಕ್ಕೂ ನಿಲ್ಲದೆ ಗಾಡಿ ತೆಗೆದುಕೊಂಡು ಹೋಗಿ ಅಣ್ಣಿಗೇರಿಯಿಂದ ಅದೇ ಪ್ಲಂಬರ್ ಕಾಕಾರನ್ನು ಹಿಂದೆ ಕೂಡಿಸಿಕೊಂಡು ಬಂದರು. ಇಬ್ಬರೂ ಸೇರಿ ಕಮೋಡನ್ನು ಎತ್ತಿ ಹಿತ್ತಲಲ್ಲಿ ಇಟ್ಟರು. ಬಿಸಿಲಿಗೆ ಅದು ಪಾಪ, ಮದುವೆಮನೆಯಲ್ಲಿ ಯಾರೂ ಮಾತಾಡಿಸದ ಬೀಗರ ಹಾಗೆ ಒಂಟಿಯಾಗಿ ನಿಂತಿತ್ತು. ಕಾಕಾ ಕೆಳಗಿನಿಂದ ಒಡೆದ ಪ್ಲಾಸ್ಟಿಕ್ ಬಳೆಯೊಂದನ್ನು ಎತ್ತಿ ತೋರಿಸಿದರು.

"ಫ್ಲೇಂಜ್ ಹೋಗೇತ್ರಿ. ಕಮೋಡಿನ ಬುಡ ಮತ್ತ ಪೈಪು ಕೂಡಿಸಿ ಹಿಡಿಯೂದು ಇದ. ಇದು ಸೀಳಿದ ಮ್ಯಾಲೆ ಅದು ಅಲಗ್ಯಾಡದ ಏನ ಮಾಡ್ತೈತಿ? ಕೆಳಗಿನ ಕಟ್ಟಿನೂ ವಾಲೇತಿ. ಯಾವ ಹುಚ್ಚ ಕಟ್ಟ್ಯಾನ್ರಿ ಇದನ್ನ?"

"ನೀವ ಕಾಕಾ," ಎಂದರು ನಮ್ಮ ಮನೆಯವರು.

ಕಾಕಾ ಬಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹಂಗಾದ್ರ ಇಷ್ಟೆತ್ತರ ಮಾಡಂತ ದಂಟು ಕೊಟ್ಟಾವರು ಯಾರ್ರಿ?"

"ನಾನ."

"ನೋಡ್ರಿ ಮತ್ತ!"

ಇಬ್ಬರೂ ನಕ್ಕರು. ತಪ್ಪಿನಲ್ಲಿ ಇಬ್ಬರದೂ ಪಾಲಿತ್ತು. ನಮ್ಮದು ಎರೆಮಣ್ಣಿನ ಊರು. ಬೇಸಿಗೆಯಲ್ಲಿ ನೆಲ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆ ಬಿದ್ದರೆ ರೊಟ್ಟಿಯಂತೆ ಉಬ್ಬುತ್ತದೆ. ಮನೆ ಮುಂದಿನ ಕಟ್ಟೆಗೆ ಹಿಂದಿನವರು ಆಳಕ್ಕೆ ಅಗೆದು ಕಲ್ಲು ಹಾಕಿದ್ದರು. ಇವರು ಆ ಕಟ್ಟೆಯ ಎತ್ತರವನ್ನಷ್ಟೇ ಅಳೆದರು, ಆಳವನ್ನು ಅಳೆಯಲಿಲ್ಲ. ಈ ಸಲದ ಮುಂಗಾರು ಚೆನ್ನಾಗಿ ಹಿಡಿದು ಮಣ್ಣು ಕಮೋಡಿನ ಕೆಳಗಿನ ಕಟ್ಟೆಯ ಒಂದು ಮೂಲೆಯನ್ನು ಮೇಲಕ್ಕೆತ್ತಿತ್ತು.

"ಕಟ್ಟಿ ತಗದು ಸೀದಾ ನೆಲಕ್ಕ ಕೂಡಿಸಿಬಿಡೂಣು," ಅಂದರು ಕಾಕಾ. "ಹೊಸಾ ಫ್ಲೇಂಜ್ ಹಾಕಿ ಬಿಗಿದ್ರ ಮುಂದ ಯಾವ ಕಾಟಾನೂ ಇಲ್ಲ."

ನಮ್ಮ ಮನೆಯವರು ಹೂಂ ಎಂದು ತಲೆಯಾಡಿಸುತ್ತಿದ್ದರು. ನಾನು ಗಂಡಸರ ಕೆಲಸದ ಮಾತಿನಲ್ಲಿ ಬಾಯಿ ಹಾಕುವವಳಲ್ಲ. ಆದರೂ, "ಎತ್ತರ ಅಷ್ಟ ಇರಬೇಕ್ರಿ ಕಾಕಾ," ಅಂದೆ.

"ಯಾಕ್ರಿ ಅಕ್ಕಾರ?"

ಯಾಕೆಂದು ಹೇಳಲು ಹೋದೆ, ಶಾಲೆಯಲ್ಲಿದ್ದಂತೆ ಕಿರುಬೆರಳಷ್ಟೇ ಮೇಲೆದ್ದಿತು. ಅಷ್ಟರಲ್ಲಿ ಮುಂದಿನ ಕಟ್ಟೆಯಿಂದ ಅತ್ತೆಯ ದನಿ ಬಂತು. ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

"ಏ ತಮ್ಮಾ, ಇಲ್ಲಿ ಬಾ."

ಕಾಕಾ ಹೋದರು, ಹಿಂದೆ ನಾವು. ಅತ್ತೆ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಏನನ್ನೂ ಹಿಡಿಯದೆ ಕಟ್ಟೆಯಿಂದ ಎದ್ದು ನಿಂತರು. ಮತ್ತೆ ಕೂತರು. ಮತ್ತೆ ಎದ್ದರು.

"ನೋಡಿದೇನು? ಇದರಾಗ ಒಂದು ಬಟ್ಟು ಕಮ್ಮಿ ಮಾಡಿದಿ ಅಂದ್ರ, ನೀ ದಿನಾ ಅಣ್ಣಿಗೇರಿಯಿಂದ ಬಂದು ನನ್ನ ಎಬ್ಬಸಬೇಕಾಗ್ತೈತಿ."

ಕಾಕಾ ಕೈ ಮುಗಿದುಬಿಟ್ಟರು. "ಬ್ಯಾಡವ್ವಾ ಬ್ಯಾಡ! ದಂಟು ತರ್ರಿ."

ಮೇವಿನ ಬಣವೆಯಿಂದ ಒಂದು ದಂಟು ಬಂತು, ಕಟ್ಟೆಗೆ ಹಿಡಿದು ಮುರಿದದ್ದಾಯಿತು. ಈ ಸಲ ಕಪ್ಪು ಮಣ್ಣನ್ನು ಗಟ್ಟಿ ನೆಲ ಸಿಗುವವರೆಗೂ ತೆಗೆದು, ಗರಸು ಕಲ್ಲುಮಣ್ಣು ತುಂಬಿ, ನೀರು ಹೊಡೆದು ಕುಟ್ಟಿದರು. ನಾಲ್ಕೂ ಮೂಲೆಗೆ ಕಲ್ಲು ಕೊಟ್ಟು ಮೇಲೆ ಕಟ್ಟೆ ಎಬ್ಬಿಸಿದರು. ಹೊಸ ಬಳೆಯನ್ನು ಬೋಲ್ಟು ಹಾಕಿ ಬಿಗಿದು, ಅದರ ಮೇಲೆ ಕಮೋಡು ಇಳಿಸಿ, ಸುತ್ತ ಸಿಮೆಂಟು ಮೆತ್ತಿದರು. ಕೊನೆಗೆ ಕಾಕಾ ದಂಟನ್ನು ಪಕ್ಕದಲ್ಲಿ ನಿಲ್ಲಿಸಿ ಒಂದು ಕಣ್ಣು ಮುಚ್ಚಿ ನೋಡಿದರು. ಸರಿಯಾಗಿತ್ತು. ಅತ್ತೆ ಹಿತ್ತಲ ಬಾಗಿಲಿಗೆ ಬಂದು ಇಣುಕಿ ಹೋದರು. ಮುಖದಲ್ಲಿ ನಗು ಕಾಣಲಿಲ್ಲ, ಆದರೆ ಹೋಗುವಾಗ ಕಾಕಾರಿಗೆ ಚಹಾ ಮಾಡಲು ನನಗೆ ಹೇಳಿ, "ಕೆನಿ ಹಾಕು," ಅಂದರು.

ಕಾಕಾ ಚಹಾ ಕುಡಿದು ಹೊರಟು, ಗಾಡಿ ಹತ್ತುವಾಗ ನೆನಪಾದವರಂತೆ ಹೇಳಿದರು: "ನಾಳಿ ಮಧ್ಯಾಹ್ನದ ತನಕ ಯಾರೂ ಕುಂದರಬ್ಯಾಡ್ರಿ ಮತ್ತ. ಸಿಮೆಂಟು ಹಿಡೀಬೇಕು."

ಇದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ನಮಗೆ ಪಕ್ಕದಲ್ಲೇ ಹಳೆಯ ಸಂಡಾಸಿದೆ, ಕುಕ್ಕರಗಾಲಿನದು. ಅತ್ತೆಗೆ?

"ಇವತ್ತೊಂದ ದಿನ ನಾ ಹಿಡ್ಕೋತೇನ್ರಿ," ಅಂದೆ.

"ಬ್ಯಾಡ. ಏನೂ ಬಂದಿಲ್ಲ ನನಗ." ಅವರು ಮುಖ ತಿರುವಿ ಬೀದಿ ನೋಡುತ್ತ ಕೂತರು.

ಸಂಜೆ ದೊಡ್ಡವ್ವ ಎಂದಿನಂತೆ ಬೀದಿ ದಾಟಿ ಬಂದು ಕಟ್ಟೆಯ ಮೇಲೆ ಅತ್ತೆಯ ಪಕ್ಕ ಕೂತರು. ಕೂಡುವಾಗ ಕಟ್ಟೆಯ ಕಂಬವನ್ನು ಹಿಡಿದುಕೊಂಡದ್ದು ನನಗೆ ಕಂಡಿತು. ಇಬ್ಬರಿಗೂ ಚಹಾ ತಂದಿಟ್ಟೆ.

"ಸಿಂಹಾಸನ ರಿಪೇರಿ ಆತೇನ ಬೇ? ಮಧ್ಯಾಹ್ನದಿಂದ ಕುಟ್ಟೂದ ಕುಟ್ಟೂದು, ನನ್ನ ನಿದ್ದಿ ಹಾಳಾತು."

"ಆತು. ನಾಳಿ ಮಟ ಕುಂದರಂಗಿಲ್ಲಂತ."

ದೊಡ್ಡವ್ವ ತಮ್ಮ ಬಶಿ ಖಾಲಿ ಮಾಡಿದರು. ಅತ್ತೆಯ ಚಹಾ ಮುಟ್ಟದೆ ಹಾಗೇ ಇತ್ತು, ಮೇಲೆ ಕೆನೆ ಕಟ್ಟುತ್ತಿತ್ತು. ದೊಡ್ಡವ್ವ ಅದನ್ನೊಮ್ಮೆ ನೋಡಿದರು, ಅತ್ತೆಯ ಮುಖ ನೋಡಿದರು. ಆಮೇಲೆ ಬೀದಿಯಲ್ಲಿ ಹೋಗುತ್ತಿದ್ದ ಎಮ್ಮೆಯ ಕಡೆ ನೋಡುತ್ತ, ಯಾರಿಗೋ ಹೇಳಿದಂತೆ ಹೇಳಿದರು:

"ಕುಡಿ ಬೇ, ಆರತೈತಿ. ನಮ್ಮ ಸಂಡಾಸದಾಗ ಪ್ಲಾಸ್ಟಿಕ್ ಕುರ್ಚಿ ಐತಿ, ನಡುವ ತೂತು ಕೊರಸಿ ಇಟ್ಕೊಂಡೇನಿ, ಎರಡು ವರ್ಷ ಆತು. ನಿನ್ನದರಷ್ಟು ಎತ್ತರಿಲ್ಲ ಖರೆ, ಗ್ವಾಡ್ಯಾಗ ಗೂಟ ಹೊಡಸೇನಿ, ಏಳೂ ಮುಂದ ಅದನ್ನ ಹಿಡ್ಕೊ."