ಕರೀಮುನ್ನೀಸಾ ಕಾದಂಬರಿಯಲ್ಲಿ ಹೆಂಗಸರು ಕೊಲೆಯಾಗುವುದಿಲ್ಲ

ಹುಣಸೂರಿನ ಮಸೀದಿಯಲ್ಲಿ ಬೆಳಗಿನ ನಮಾಜು ಮುಗಿದಿದೆ, ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಂದು ಮನೆಯ ಹಿತ್ತಲಲ್ಲಿ ಎಲಚಿ ಎಲೆ ಹಾಕಿದ ಹಂಡೆಯ ನೀರು ಕಾಯುತ್ತಿದೆ. ಪರದೆಯ ಆಚೆ ಕರೀಮುನ್ನೀಸಾ, ರಾತ್ರಿ ತೀರಿಕೊಂಡ ಅಜ್ಜಿಗೆ ಗುಸುಲ್, ಅಂದರೆ ಕೊನೆಯ ಸ್ನಾನ ಮಾಡಿಸುತ್ತಿದ್ದಾರೆ. ಅವರನ್ನು ಮಾತಾಡಿಸಲು ಬಂದು ಈಚೆ ಕೂತ ನನಗೆ ನೀರು ಹುಯ್ಯುವ ಸದ್ದಷ್ಟೇ ಕೇಳುತ್ತದೆ. ಹೊರಬಂದವರು ಅಜ್ಜಿಯ ಮಗಳ ಕೈ ಹಿಡಿದು, "ಮುಖ ತಿಳಿಯಾಗಿದೆ, ಅಳಬೇಡ" ಎಂದು ಹೇಳಿ ಮನೆಯ ದಾರಿ ಹಿಡಿಯುತ್ತಾರೆ.

ಮನೆಯಲ್ಲಿ ಮಿಂದು ಹೊಲಿಗೆ ಯಂತ್ರದ ಮುಂದೆ ಕೂತರೆ ಅದೇ ಕೈ ಕೊಲೆಗೆ ಸಂಚು ಹೂಡುತ್ತದೆ. ರವಿಕೆ ಹೊಲಿಯುವುದು ಹೊಟ್ಟೆಪಾಡು, ನಡುವೆ ಬರೆಯುವುದು ಪತ್ತೇದಾರಿ ಕಾದಂಬರಿ. ಪಿರಿಯಾಪಟ್ಟಣದ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಚಲುವಯ್ಯ ಇವರು ಹುಟ್ಟಿಸಿದ ಪತ್ತೇದಾರ. ಐದು ಪುಸ್ತಕ ಬಂದಿವೆ. ಹೊದಿಕೆಯ ಮೇಲೆ 'ಕೆ. ಪಾಷಾ' ಎಂದಿರುವುದರಿಂದ ಓದುಗರು ಬರೆದವರು ಗಂಡಸೆಂದೇ ತಿಳಿದಿದ್ದಾರೆ. ಬಸ್‌ಸ್ಟ್ಯಾಂಡಿನಲ್ಲಿ ಅವನ್ನು ಮಾರುವ ಅಂಗಡಿಯವರ ಮನೆಗೂ ಇವರು ಗುಸುಲಿಗೆ ಹೋಗಿದ್ದಾರೆ, ಆದರೂ ಅವರಿಗೆ ಗೊತ್ತಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಸುಮ್ಮನೆ ಅಲ್ಲ.

ಓದುವ ಹುಚ್ಚು ಹಿಡಿಸಿದವರು ಗಂಡ ಅಹಮದ್ ಪಾಷಾ. ಮರಗೆಲಸ ಮುಗಿಸಿ ಬರುವಾಗ ಹಳೆಯ ಪತ್ತೇದಾರಿ ಪುಸ್ತಕ ತರುತ್ತಿದ್ದರು. ಅವರು ತೀರಿಕೊಂಡ ಮೇಲೆ ಓದಲು ಹೊಸದು ಸಿಗದೆ ತಾವೇ ಬರೆಯಲು ಕೂತರಂತೆ. ಗುಸುಲಿನ ಕೆಲಸ ಅತ್ತೆ ಕಲಿಸಿದ್ದು. ಅದಕ್ಕೆ ಕಾಸು ಮುಟ್ಟುವಂತಿಲ್ಲ. ಕಂಡದ್ದನ್ನು ಹೊರಗೆ ಆಡುವಂತೆಯೂ ಇಲ್ಲ.

ಐದು ಪುಸ್ತಕದಲ್ಲೂ ಕೊಲೆಯಾಗುವವರು ಗಂಡಸರೇ. ಯಾಕೆಂದು ಕೇಳಿದರೆ ನಗುತ್ತಾರೆ. ಸತ್ತ ಗಂಡಸರನ್ನು ತೊಳೆಯುವವರು ಗಂಡಸರೇ ಆದ್ದರಿಂದ, ಎಷ್ಟು ಜನರನ್ನು ಕೊಂದರೂ ಯಾರ ಮುಖವೂ ಇವರ ಕಣ್ಣೆದುರು ಬಂದು ನಿಲ್ಲುವುದಿಲ್ಲ.

ಈಗ ಆರನೆಯದಕ್ಕೆ ತೊಡಕು ಬಂದಿದೆ. ಕೆಲವು ವರ್ಷಗಳ ಹಿಂದೆ, ಎದೆನೋವಿನಿಂದ ಸತ್ತಳೆಂದು ಹೇಳಿದ್ದ ಹೊಸ ಮದುವೆಯ ಹುಡುಗಿಯ ಕತ್ತಿನಲ್ಲಿ ಇರಬಾರದ ಗುರುತು ಇವರಿಗೆ ಕಂಡಿತ್ತು. ಚೊಂಬು ಕೆಳಗಿಟ್ಟು ಹೊರಬಂದು ಜಮಾತಿನ ಹಿರಿಯರಿಗೆ ತಿಳಿಸಿದರು. ಪೊಲೀಸರು ಬಂದರು, ಮರಣೋತ್ತರ ಪರೀಕ್ಷೆಯಾಯಿತು, ಗಂಡ ಜೈಲು ಸೇರಿದ. ಪರೀಕ್ಷೆ ಮುಗಿದು ಹೆಣ ಕೈಗೆ ಬಂದಾಗ ಹುಡುಗಿಯ ತಾಯಿ ಹಟ ಹಿಡಿದು ಇವರಿಂದಲೇ ಕೊನೆಯ ಸ್ನಾನ ಮಾಡಿಸಿದರು.

"ಮೈಯಿನ ಐಬು ಮುಚ್ಚಬೇಕು ಕಣಮ್ಮ, ಕೊಲೆ ಮುಚ್ಚಬಾರದು" ಎನ್ನುತ್ತಾರೆ ಕರೀಮುನ್ನೀಸಾ. ಹುಡುಗಿಯ ಹೆಸರಾಗಲಿ ಬೀದಿಯಾಗಲಿ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಈ ಸಂಗತಿ ಹೇಗೋ ಮೈಸೂರಿನ ಪ್ರಕಾಶಕರ ಕಿವಿಗೆ ಬಿದ್ದಿದೆ. ಅದನ್ನೇ ಬರೆಯಿರಿ, ಇಲ್ಲವಾದರೆ ಚಲುವಯ್ಯನನ್ನು ಇಲ್ಲಿಗೇ ನಿಲ್ಲಿಸೋಣ ಎಂದಿದ್ದಾರೆ. ಕರೀಮುನ್ನೀಸಾ ಮನಸ್ಸಿನಲ್ಲಿ ಇರುವುದು ಬೇರೆಯೇ ಕಥೆ. ಅಂತರಸಂತೆಯ ಸಂತೆ ಮಾಳದಲ್ಲಿ ಮರದ ವ್ಯಾಪಾರಿಯೊಬ್ಬ ಸತ್ತು ಬಿದ್ದಿದ್ದಾನೆ, ಮೈಮೇಲಿನ ಅಂಗಿ ಅವನ ಅಳತೆಯದಲ್ಲ. ಅದು ಯಾರ ಅಂಗಿ ಎಂಬುದು ಇವರಿಗೇ ಇನ್ನೂ ಹೊಳೆದಿಲ್ಲ. ಎಚ್.ಡಿ. ಕೋಟೆ ಬಸ್ಸು ಹತ್ತಿ ಹೋಗಿ, ಸಂತೆಯಲ್ಲಿ ಬಟ್ಟೆ ಮಾರುವವರ ಪಕ್ಕ ಕೂತು ಬಂದಿದ್ದಾರೆ. ಬರೆದ ಎರಡು ಅಧ್ಯಾಯ ಮೈಸೂರಿನಿಂದ ವಾಪಸ್ಸು ಬಂದಿವೆ. ಚಲುವಯ್ಯ ನಿಂತುಹೋದರೆ ಮನೆಯಲ್ಲಿ ಮಾತಾಡುವವರೇ ಇಲ್ಲದಂತಾಗುತ್ತದೆ ಎಂದು ಹೇಳುವಾಗ ಅವರ ದನಿ ಇಳಿಯುತ್ತದೆ. ನನಗೂ ಸಂಕಟವಾಯಿತು.

ಹಾಗಾಗಿಯೇ ಇರಬೇಕು, ಆ ಹುಡುಗಿಯ ಊರು, ಹೆಸರು ಬದಲಾಯಿಸಿ ಬರೆದರೆ ಯಾರಿಗೆ ಗೊತ್ತಾಗುತ್ತದೆ ಎಂದು ಕೇಳಿಬಿಟ್ಟೆ. ಅವರು ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಅದನ್ನು ನಿಲ್ಲಿಸಿದರು.

"ಆ ಮಗಿನ ಕೂದಲು ಎರಡು ಪಾಲು ಮಾಡಿ ಎದೆ ಮೇಲೆ ಇಟ್ಟೋಳು ನಾನು. ಕಫನ್ ಬಟ್ಟೆ ಎಳೆದು ಮುಖ ಮುಚ್ಚಿದೋಳೂ ನಾನೇ. ಈಗ ನಾನೇ ತೆಗೆದು ಊರಿಗೆ ತೋರ್ಸ್ಲಾ?"