ಜಯಲಕ್ಷ್ಮಮ್ಮನ ಡ್ಯೂಟಿ ಬಾಕಿ

ಬಾಬುರಾಯನಕೊಪ್ಪಲಿನ ಹೊನ್ನಪ್ಪ ಮೋಟರ್ ವೈಂಡಿಂಗ್ ಮಾಡುವವನು. ಶ್ರೀರಂಗಪಟ್ಟಣದಿಂದ ನಾಗಮಂಗಲದ ತನಕ ಯಾರ ಪಂಪ್‌ಸೆಟ್ ಸುಟ್ಟರೂ ಅವನ ಅಂಗಡಿಗೇ ಬರಬೇಕು. ನಲವತ್ತು ವರ್ಷದಲ್ಲಿ ಅವನು ಸುತ್ತಿದ ತಾಮ್ರದ ತಂತಿಯನ್ನು ಬಿಚ್ಚಿ ಎಳೆದರೆ ಚಂದ್ರಲೋಕಕ್ಕೆ ಹೋಗಿ, ಅಲ್ಲೊಂದು ಬೋರ್‌ವೆಲ್ಲಿಗೆ ಕನೆಕ್ಷನ್ ಕೊಟ್ಟು ವಾಪಸ್ ಬರಬಹುದು. ಮಿಕ್ಕ ತುಂಡಿನಲ್ಲಿ ಕೆ.ಆರ್. ಪೇಟೆಯವರೆಲ್ಲ ಬಟ್ಟೆ ಒಣಗಿಹಾಕಿಕೊಳ್ಳಬಹುದು. ಸುಟ್ಟ ಮೋಟರನ್ನು ಮೂಸಿ ನೋಡಿಯೇ ಅದು ಎಷ್ಟು ಗಂಟೆಗೆ ಸತ್ತಿತು, ಆಗ ಅದರ ಯಜಮಾನ ಯಾವ ಮರದ ಕೆಳಗೆ ಬೀಡಿ ಸೇದುತ್ತಿದ್ದ ಎಂದು ಹೇಳಿಬಿಡುತ್ತಿದ್ದ. ನಾನು ಎದುರುಮನೆಯವನು. ಇದರಲ್ಲಿ ಅರ್ಧದಷ್ಟನ್ನಾದರೂ ಕಣ್ಣಾರೆ ಕಂಡಿದ್ದೇನೆ.

ಅವನ ಹೆಂಡತಿ ಜಯಲಕ್ಷ್ಮಮ್ಮ ಪಾಂಡವಪುರದಲ್ಲಿ ಹೆರಿಗೆ ವಾರ್ಡಿನ ಆಯಾ. ಅವಳು ನೀರು ಹಾಕಿದ ಕೂಸುಗಳೆಲ್ಲ ಒಟ್ಟಿಗೆ ಕೂತು ಅತ್ತರೆ ಕನ್ನಂಬಾಡಿ ಕಟ್ಟೆ ಮಳೆಯಿಲ್ಲದೆ ತುಂಬುತ್ತದೆ. ಸ್ವಂತಕ್ಕೆ ಒಂದೂ ಇರಲಿಲ್ಲ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಎರಡಿಂಚು ಗಿಡ್ಡ. ಆ ಕಾಲಿನ ಚಪ್ಪಲಿಗೆ ಟೈರಿನ ತುಂಡು ಹೊಲಿಸಿಕೊಂಡು ಮೂವತ್ತು ವರ್ಷ ಬಸ್ಸು ಹತ್ತಿದಳು, ಇಳಿದಳು. ಯಾರು ಬಂದು ಅವಳನ್ನು ಕೇಳಿದರೂ ಹೊನ್ನಪ್ಪ ಮೋಟರಿನಿಂದ ತಲೆ ಎತ್ತದೆ ಒಂದೇ ಮಾತು ಹೇಳುತ್ತಿದ್ದ: “ಡ್ಯೂಟಿಗೆ ಓಗವ್ಳೆ.”

ಆಷಾಢದಲ್ಲಿ ಮೂರು ದಿನ ಜ್ವರ ಬಂತು, ನಾಲ್ಕನೆಯ ದಿನ ತೀರಿಕೊಂಡಳು. ಹೊನ್ನಪ್ಪ ಅಳಲಿಲ್ಲ. ತಿಥಿ ಮುಗಿಸಿ ಅಂಗಡಿ ತೆಗೆದ. ಅವಳ ಫೋನಿಗೆ ಮಾತ್ರ ತಿಂಗಳು ತಿಂಗಳು ರೀಚಾರ್ಜ್ ಮಾಡಿಸುತ್ತಿದ್ದ. ಯಾಕಯ್ಯಾ ಎಂದು ಕೇಳಿದೆ. “ಬಾಣಂತೀರು ಯಾರಾದ್ರೂ ಮಾಡ್ತರೆ ಕಣಣ್ಣ” ಅಂದ.

ಗಣೇಶನನ್ನು ನೀರಿಗೆ ಬಿಟ್ಟ ಮಾರನೆಯ ದಿನ ಆ ಫೋನು ಬಡಿದುಕೊಂಡಿತು. ನಾನು ಅಂಗಡಿಯ ಬೆಂಚಿನ ಮೇಲೆ ಪೇಪರ್ ಓದುತ್ತಿದ್ದೆ. ಹೊನ್ನಪ್ಪ ಸ್ಪೀಕರ್ ಹಾಕಿದ.

“ಜಯಲಕ್ಷ್ಮಮ್ಮ ಅವರ ನಂಬರಾ ಸಾರ್? ಅವರ ಡ್ಯೂಟಿ ಪೆಂಡಿಂಗ್ ಇದೆ.”

ಹೊನ್ನಪ್ಪನ ಕೈಯಲ್ಲಿದ್ದ ತಂತಿ ನಿಂತಿತು. “ಯಾರವ್ವ ನೀನು, ಆಸ್ಪತ್ರೆಯವ್ಳಾ? ಅವ್ಳು ಇನ್ನು ಡ್ಯೂಟಿಗೆ ಬರಕಿಲ್ಲ.”

“ಬರೋದೇನೂ ಬೇಡ ಸಾರ್. ಆನ್‌ಲೈನಲ್ಲೇ ಕ್ಲಿಯರ್ ಮಾಡ್ಬಹುದು.”

“ಎಷ್ಟು ದಿನದ್ದು ಬಾಕಿ ಅದೆ?”

“ಹನ್ನೊಂದು ದಿನ ಆಗಿದೆ. ದಿನಾ ಬೆಳೀತಾ ಇದೆ ಸಾರ್.”

ಸತ್ತವರ ಡ್ಯೂಟಿ ದಿನಾ ಬೆಳೆಯುತ್ತದೆ ಎಂದು ಕೇಳಿ ನಾನು ಪೇಪರ್ ಮಡಚಿಟ್ಟೆ. ಹೊನ್ನಪ್ಪನ ಮುಖ ಸುಣ್ಣದ ಗೋಡೆ. ಆ ಹುಡುಗಿ, ದಿವ್ಯ ಎಂದು ಹೆಸರು, ಬೆಂಗಳೂರಿನ ಒಂದು ಕೊರಿಯರ್ ಆಫೀಸಿನವಳು, ಎರಡು ಸಲ ಬಿಡಿಸಿ ಹೇಳಿದ ಮೇಲೆ ಗೊತ್ತಾಯಿತು: ಜಯಲಕ್ಷ್ಮಮ್ಮನ ಹೆಸರಿಗೆ ಜರ್ಮನಿಯಿಂದ ಪಾರ್ಸಲ್ ಬಂದು ಗೋಡೌನಿನಲ್ಲಿ ಕೂತಿದೆ. ಡ್ಯೂಟಿ ಎಂದರೆ ಕಸ್ಟಮ್ಸ್ ಸುಂಕ.

ಪಾರ್ಸಲ್ಲಿನಲ್ಲಿ ಏನಿದೆ ಎಂದು ಹೇಳಿದವಳು ವಾರ್ಡಿನ ನರ್ಸ್ ಉಮ. “ಅಕ್ಕ ನಿಮ್ಗೆ ಹೇಳಿರ್ಲಿಲ್ವಾ ಅಣ್ಣ? ಚಪ್ಪಲಿ. ಒಂದು ದಪ್ಪ, ಒಂದು ತೆಳ್ಳಗೆ. ಪೇಪರ್ ಮೇಲೆ ಎರಡು ಕಾಲೂ ಇಡಿಸಿ ನಾನೇ ಪೆನ್ಸಿಲಲ್ಲಿ ಗೀಚಿ ಕಳಿಸಿದ್ದೆ. ಹದಿನಾರು ಸಾವಿರ, ಚೀಟಿ ದುಡ್ಡಲ್ಲಿ ಕಟ್ಟಿದ್ರು. ಈ ದಸರಾಕ್ಕೆ ಮೈಸೂರೆಲ್ಲ ನಡ್ಕೊಂಡೇ ತಿರುಗ್ತೀನಿ ಅಂತಿದ್ರು.”

ಬಿಲ್ಲು ಫೋನಿಗೇ ಬಂತು. ಚಪ್ಪಲಿಗೆ ಸುಂಕ. ಸುಂಕ ಸೇರಿಸಿದ ಬೆಲೆಗೆ ಜಿಎಸ್‌ಟಿ. ಆ ಹಣವನ್ನು ಕೊರಿಯರಿನವರು ಮುಂಚಿತವಾಗಿ ಕಟ್ಟಿದ್ದಕ್ಕೆ ಒಂದು ಫೀಸು, ಫೀಸಿಗೆ ಮತ್ತೆ ಜಿಎಸ್‌ಟಿ, ಕೊನೆಗೆ ಗೋಡೌನ್ ಬಾಡಿಗೆ. ಒಟ್ಟು ಹನ್ನೊಂದು ಸಾವಿರದ ಚಿಲ್ಲರೆ. ಓದಿ ಮುಗಿಸುವಷ್ಟರಲ್ಲಿ ನನ್ನ ಕನ್ನಡಕದ ನಂಬರು ಬದಲಾಗಿತ್ತು. ಓದಿದ್ದಕ್ಕೆ ಫೀಸು ಹಾಕಿರಲಿಲ್ಲ, ಅದು ಅವರ ದೊಡ್ಡ ಮನಸ್ಸು.

“ಕಟ್ತೀನಿ ಬುಡವ್ವ. ಆದ್ರೆ ಅವ್ಳು ಸತ್ತೋಗವ್ಳೆ” ಅಂದ ಹೊನ್ನಪ್ಪ, ದಿವ್ಯಳಿಗೆ ಫೋನು ಮಾಡಿ.

ಆ ಹುಡುಗಿ ದನಿ ತಗ್ಗಿಸಿದಳು. “ಅಂಕಲ್, ಹಾಗಂದ್ರೆ ಡೆತ್ ಸರ್ಟಿಫಿಕೇಟು, ವಂಶವೃಕ್ಷ, ಅಫಿಡವಿಟ್ಟು ಎಲ್ಲ ಕೇಳ್ತಾರೆ. ಅಷ್ಟರಲ್ಲಿ ಮೂವತ್ತು ದಿನ ಮುಗಿದು ಪಾರ್ಸಲ್ ವಾಪಸ್ ಹೋಗುತ್ತೆ. ನೀವು ಹೇಳಿದ್ದು ನನಗೆ ಕೇಳಿಸ್ಲಿಲ್ಲ. ಮೇಡಂ ಎಲ್ಲಿಗೆ ಹೋಗಿದ್ದಾರೆ, ಹೇಳಿ?”

ಹೊನ್ನಪ್ಪ ನನ್ನ ಮುಖ ನೋಡಿದ. ಗೋಡೆಯ ಮೇಲಿನ ಹೆಂಡತಿಯ ಫೋಟೋ ನೋಡಿದ. “ಡ್ಯೂಟಿಗೆ ಓಗವ್ಳೆ” ಅಂದ.

ಅಲ್ಲಿಂದ ಶುರುವಾಯಿತು. ಆಧಾರ್ ಕೇಳಲು ಒಬ್ಬ, ವಿಳಾಸ ಕೇಳಲು ಇನ್ನೊಬ್ಬ, ಚಪ್ಪಲಿ ಯಾವ ಚರ್ಮದ್ದು ಎಂದು ಕೇಳಲು ಮತ್ತೊಬ್ಬ. ಎಲ್ಲರಿಗೂ ಮೇಡಮ್ಮೇ ಬೇಕು. ಎಲ್ಲರಿಗೂ ಅದೇ ಉತ್ತರ. ಓಟಿಪಿ ಅವಳ ಫೋನಿಗೆ ಬರುತ್ತಿತ್ತು. ‘ಪ್ರಿಯ ಜಯಲಕ್ಷ್ಮಮ್ಮ’ ಎಂದು ಶುರುವಾಗುತ್ತಿತ್ತು. ಮೂವತ್ತೈದು ವರ್ಷದಲ್ಲಿ ಹೊನ್ನಪ್ಪ ಆ ಪದ ಬಳಸಿರಲಿಲ್ಲ. ಕಂಪ್ಯೂಟರ್ ದಿನಕ್ಕೆರಡು ಸಲ ಬಳಸಿತು.

ಒಂದು ಮಾತನ್ನು ಅಷ್ಟು ಸಲ ಹೇಳಿದರೆ ಅದು ಸುಮ್ಮನೆ ಬಿದ್ದಿರುವುದಿಲ್ಲ. ಎರಡನೆಯ ವಾರ ಹೊನ್ನಪ್ಪ ಸಂಜೆ ಆರಕ್ಕೆ ರಸ್ತೆಗೆ ಹೋಗಿ ಪಾಂಡವಪುರದ ಬಸ್ಸು ನೋಡತೊಡಗಿದ. ಇಳಿದವರ ಮುಖ ನೋಡುವುದಿಲ್ಲ, ಪಾದ ನೋಡುತ್ತಾನೆ. ಮನೆಗೆ ಬಂದು ಬಚ್ಚಲೊಲೆಗೆ ಉರಿ ಹಾಕುತ್ತಾನೆ; ವಾರ್ಡಿನಿಂದ ಬಂದವಳು ನೀರು ಹುಯ್ದುಕೊಳ್ಳದೆ ಒಳಗೆ ಕಾಲಿಡುತ್ತಿರಲಿಲ್ಲ. ಒಂದು ಸಂಜೆ ನಾನೇ ಹೋಗಿ ನೋಡಿದೆ. ಹಂಡೆಯಲ್ಲಿ ನೀರು ಅರ್ಧಕ್ಕೆ ಇಳಿದಿತ್ತು.

“ಮೈ ತೊಳ್ಕೊಂಡ್ಯೇನಯ್ಯಾ?” ಅಂದೆ.

“ನಾನ್ಯಾಕೆ ತೊಳ್ಕೊಳ್ಳಿ? ನಾನು ಬೆಳಿಗ್ಗೆ ತೊಳ್ಕೊಳ್ಳೋನು.”

“ಆವಿಯಾಗಿ ಹೋಗಿರ್ಬೇಕು” ಅಂದೆ. ಬಚ್ಚಲ ಕಲ್ಲು ಒದ್ದೆಯಾಗಿತ್ತು. ನಾನು ಜೀವಮಾನದಲ್ಲಿ ಹೇಳಿದ ಸುಳ್ಳನ್ನೆಲ್ಲ ಪೇರಿಸಿದರೆ ಕರೀಘಟ್ಟದ ಬೆಟ್ಟ ಅದರ ಮುಂದೆ ಹುತ್ತ. ಆದರೆ ಆ ಕಲ್ಲು ಒದ್ದೆಯಾಗಿತ್ತು.

ಪಿತೃಪಕ್ಷ ಬಂತು. ಹೊನ್ನಪ್ಪನ ಅಕ್ಕ ಪುಟ್ಟತಾಯಮ್ಮ ದೇವಲಾಪುರದಿಂದ ಕೋಳಿ ಹಿಡಿದುಕೊಂಡು ಬಸ್ಸಿಳಿದಳು. ನಮ್ಮ ಕಡೆ ಮಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ ಎಡೆ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರುತ್ತೇವೆ. ಅವರು ಬಂದು ಉಂಡು ಹೋಗಲಿ ಎಂದು. ಜಯಲಕ್ಷ್ಮಮ್ಮನಿಗೆ ಇದು ಮೊದಲನೆಯ ಪಕ್ಷ.

ಮಧ್ಯಾಹ್ನ ಒಂದಕ್ಕೆ ಎಲ್ಲ ತಯಾರು. ಹೊನ್ನಪ್ಪ ಬಾಗಿಲಿಗೆ ಅಡ್ಡ ನಿಂತ.

“ಎಡೆ ಇಕ್ಕಂಗಿಲ್ಲ ಅಕ್ಕ.”

“ಯಾಕ್ಲಾ?”

“ಪಾರ್ಸಲ್ ಇನ್ನೂ ಬಂದಿಲ್ಲ. ಈವತ್ತು ಮೂವತ್ತನೇ ದಿನ. ಅದು ಬರಗಂಟ ಅವ್ಳು ಡ್ಯೂಟೀಲವ್ಳೆ ಅಂತ ಬರೆಸಿವ್ನಿ.”

“ಥೂ ನಿನ್ನ! ಸುಟ್ಟು ಬೂದಿ ಬುಟ್ಟು ಬಂದೋನು ನೀನೇ ಅಲ್ವೇನ್ಲಾ?”

“ಬದುಕವ್ಳೆ ಅಂದ್ರೆ ಎಡೆ ಇಲ್ಲ. ಸತ್ತವ್ಳೆ ಅಂದ್ರೆ ಚಪ್ಪಲಿ ಇಲ್ಲ. ಬರಿಗಾಲಲ್ಲಿ ಬಂದು ಉಣ್ಣು ಅಂತ ಎಂಗಕ್ಕ ಕರೀಲಿ?”

ಪುಟ್ಟತಾಯಮ್ಮನ ಬಾಯಿಗೆ ಎತ್ತುಗಳೂ ನೊಗ ಬಿಟ್ಟು ಓಡುತ್ತವೆ. ಅಂಥವಳು ಸಾರಿನ ಪಾತ್ರೆಗೆ ತಟ್ಟೆ ಮುಚ್ಚಿ, ಜಗಲಿಯ ಮೇಲೆ ಕೂತಳು. ಎರಡಾಯಿತು, ಮೂರಾಯಿತು. ಮುದ್ದೆ ಆರಿ ಕಲ್ಲಾಯಿತು. ಅವಳು ಮತ್ತೆ ಹಿಟ್ಟು ತೊಳಸಿ ಮುದ್ದೆ ಕಟ್ಟಿದಳು. ಬೀದಿಯವರೆಲ್ಲ ತಮ್ಮ ತಮ್ಮ ಹಿರಿಯರನ್ನು ಉಣ್ಣಿಸಿ ಕಳಿಸಿಯಾಗಿತ್ತು. ಈ ಮನೆಯ ಮುಂದೆ ಮಾತ್ರ ಯಾರೋ ಕಾದು ನಿಂತ ಹಾಗೆ ಗಾಳಿ ಭಾರವಾಗಿತ್ತು.

ನಾಲ್ಕೂವರೆಗೆ ಬೈಕು ಬಂತು. ಕೊನೆಯ ಓಟಿಪಿ ಹೇಳಿ ಹೊನ್ನಪ್ಪ ಡಬ್ಬ ಈಸಿಕೊಂಡ. ಚಪ್ಪಲಿ ಕಂದು ಬಣ್ಣದ್ದು. ಎಡಗಾಲಿನದು ಇಟ್ಟಿಗೆಯಷ್ಟು ದಪ್ಪ, ಎತ್ತಿದರೆ ಹೂವಿನಷ್ಟು ಹಗುರ. ಅವನು ಅದರೊಳಗೆ ಕೈಯಿಟ್ಟು, ಬೆರಳುಗಳ ಜಾಗವನ್ನು ಒಂದೊಂದಾಗಿ ಮುಟ್ಟಿ ನೋಡಿದ.

“ಎಡೆ ಕ್ವಾಣೆ ಒಳೀಕೆ ಮೆಟ್ಟಾ? ಹಿರೀಕ್ರು ಉಗುದ್ಬುಟ್ಟು ಓಗ್ತರೆ” ಅಂದಳು ಪುಟ್ಟತಾಯಮ್ಮ.

“ಎಲೆ ತಾವ ಇಕ್ಕಲ್ಲ ಕಣಕ್ಕ. ಬಾಗ್ಲಿಂದೆ.”

ಹೊಸಿಲ ಒಳಗೆ, ಬಾಗಿಲ ಹಿಂದೆ ಜೋಡಿಸಿದ, ಮೆಟ್ಟಿಕೊಂಡು ಹೊರಡಲು ಸಲೀಸಾಗಲಿ ಎಂದು ತುದಿ ಹೊರಗೆ ಮಾಡಿ. ಎಡೆ ಇಟ್ಟು, ಧೂಪ ಹಾಕಿ ಬಾಗಿಲು ಮುಚ್ಚಿದೆವು. ಮೂವರೂ ಜಗಲಿಯ ಮೇಲೆ ಕೂತೆವು.

ಆಗ ಅವಳ ಫೋನು ಬಡಿದುಕೊಂಡಿತು. ಪುಟ್ಟತಾಯಮ್ಮ ನನ್ನ ತೋಳು ಹಿಡಿದ ಗುರುತು ವಾರವಾದರೂ ಹೋಗಲಿಲ್ಲ.

“ಅಂಕಲ್, ದಿವ್ಯ. ಪಾರ್ಸಲ್ ಸಿಕ್ತಲ್ವಾ? ಫಾರಮ್ಮಲ್ಲಿ ಒಂದು ಪ್ರಶ್ನೆ ಇದೆ, ಕೇಳ್ಲೇಬೇಕು. ಕ್ಷಮಿಸಿ ಅಂಕಲ್. ಮೇಡಂಗೆ ಅಳತೆ ಸರಿ ಹೋಯ್ತಾ?”

ಹೊನ್ನಪ್ಪ ಮುಚ್ಚಿದ ಬಾಗಿಲ ಕಡೆ ತಿರುಗಿದ. ಕಿವಿಗೊಟ್ಟ. ನಾವೂ ಕೊಟ್ಟೆವು.

“ಈಗಿನ್ನೂ ಆಕ್ಕೊಂಡು ನೋಡ್ತಾವ್ಳೆ ಕಣವ್ವ” ಅಂದ, ಬಲು ಮೆಲ್ಲಗೆ. “ಒಂದ್ ಗಳಿಗೆ ತಾಳು.”

“ಲೈನಲ್ಲೇ ಇರ್ತೀನಿ ಅಂಕಲ್” ಅಂದಳು ಹುಡುಗಿ.